ಮಾನಸಿಕ ಆರೋಗ್ಯದ ಪೋಸ್ಟಿಂಗ್ ಎಂದರೆ ನಾವೇಕೆ ಇಷ್ಟು ಹೆದರುತ್ತೇವೆ? ಕೋಲಾರದಿಂದ ಒಂದು ಪ್ರಶ್ನೆ

ಅಂತರಗಂಗೆ

ನಾನು ಕೋಲಾರದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಮಾನಸಿಕ ಆರೋಗ್ಯ ಶುಶ್ರೂಷೆ ನಮಗೆ ಐದು ಮತ್ತು ಆರನೇ ಸೆಮಿಸ್ಟರ್‌ಗಳಲ್ಲಿ ಬರುತ್ತದೆ. ಕಳೆದ ವಾರ ಅದರ ಪೋಸ್ಟಿಂಗ್, ಅಂದರೆ ಮನೋರೋಗ ವಾರ್ಡಿನಲ್ಲಿ ಕೆಲಸ ಕಲಿಯುವ ಅವಧಿ, ಮುಗಿಯಿತು. ಕೊನೆಯ ದಿನ ಕಾಲೇಜು ಬಸ್ಸಿನಲ್ಲಿ ಗೆಳತಿಯರೆಲ್ಲ "ಸದ್ಯ, ಪಾರಾದೆವು" ಎಂದು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಏನನ್ನೋ ಅರ್ಧಕ್ಕೆ ಬಿಟ್ಟು ಬಂದಂತೆ ಆಯಿತು.

ಹೆರಿಗೆ ವಾರ್ಡಿಗೆ ಹೋಗುವ ಮುಂಚೆ ನಮ್ಮನ್ನು ಯಾರೂ ಹೆದರಿಸಿರಲಿಲ್ಲ. ಇಲ್ಲಿಗೆ ಹೋಗುವ ಹಿಂದಿನ ರಾತ್ರಿ ಸೀನಿಯರ್‌ಗಳು ಹಾಸ್ಟೆಲ್ ಕೋಣೆಗೇ ಬಂದು ಹೇಳಿದರು: ಜಡೆ ಮೇಲೆ ಕಟ್ಟಿಕೊಳ್ಳಿ, ಓಲೆ ತೆಗೆದಿಡಿ, ಪೆನ್ನು ಜೇಬಿನಲ್ಲಿ ಕಾಣಬಾರದು, ರೋಗಿಗೆ ಬೆನ್ನು ತೋರಿಸಬೇಡಿ, ಊರಿನ ಹೆಸರು ಹೇಳಬೇಡಿ. ಇವುಗಳಲ್ಲಿ ಕೆಲವು ಬೇಕಾದ ಎಚ್ಚರಿಕೆಗಳೇ. ಆದರೆ ಎಚ್ಚರಿಕೆ ಬಿಟ್ಟರೆ ಬೇರೆ ಒಂದು ಮಾತೂ ಇರಲಿಲ್ಲ. ಅಲ್ಲಿರುವವರು ಯಾರು, ಅವರಿಗೆ ನಮ್ಮಿಂದ ಏನಾಗಬೇಕು ಎಂದು ಯಾರೂ ಹೇಳಲಿಲ್ಲ. ಅಮ್ಮನಂತೂ ಕೋಲಾರಮ್ಮನ ಕುಂಕುಮವನ್ನು ಕಾಗದದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿದರು.

ಮೊದಲ ಮೂರು ದಿನ ನಾನು ಗೋಡೆಗೆ ಒರಗಿಯೇ ನಿಂತಿದ್ದೆ. ನಾಲ್ಕನೇ ದಿನ ಮಾನಸಿಕ ಸ್ಥಿತಿ ಪರೀಕ್ಷೆ ಬರೆಯಲು ನನಗೆ ಒಬ್ಬ ಹೆಂಗಸನ್ನು ಕೊಟ್ಟರು. ಐವತ್ತರ ಆಸುಪಾಸು, ಗಡಿಭಾಗದ ಹಳ್ಳಿಯವರು. ದಿನಾಂಕ, ಸ್ಥಳ, ನೆನಪು ಎಲ್ಲವನ್ನೂ ಕೇಳಿದೆ. ತಡೆತಡೆದು ಒಂದೊಂದೇ ಪದದಲ್ಲಿ ಉತ್ತರಿಸಿದರು. ಅಮೂರ್ತ ಚಿಂತನೆ, ಅಂದರೆ ಮಾತಿನ ಹಿಂದಿನ ಅರ್ಥ ಹಿಡಿಯುವ ಶಕ್ತಿ, ಪರೀಕ್ಷಿಸಲು ಗಾದೆಯ ಅರ್ಥ ಕೇಳಬೇಕಲ್ಲವೇ, "ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದರೆ ಏನು?" ಎಂದೆ. ಸುಮ್ಮನೆ ನನ್ನ ಮುಖ ನೋಡಿದರು. ನಾನು ರೆಕಾರ್ಡಿನಲ್ಲಿ "ಅಮೂರ್ತ ಚಿಂತನೆ ಕುಂಠಿತ" ಎಂದು ಬರೆದುಬಿಟ್ಟೆ.

ಪಕ್ಕದ ಮಂಚದ ಅಜ್ಜಿಯ ಜೊತೆ ಅವರು ತೆಲುಗಿನಲ್ಲಿ ಮಾತನಾಡುವುದು ಆಮೇಲೆ ಕಿವಿಗೆ ಬಿತ್ತು. ನಮ್ಮ ಮನೆಯ ಮಾತೂ ತೆಲುಗೇ. ಹಿಂದಿರುಗಿ ಹೋಗಿ ಹಾಸಿಗೆಯ ತುದಿಯಲ್ಲಿ ಕುಳಿತು, "ತೆಲ್ಲನಿವನ್ನೀ ಪಾಲು ಕಾವು" ಎಂದು ಅದೇ ಗಾದೆಯನ್ನು ಕೇಳಿದೆ. ಅವರ ಕಣ್ಣು ಅರಳಿತು. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ನಾನು ಇಪ್ಪತ್ತು ವರ್ಷ ಡೇರಿಗೆ ಹಾಲು ಹಾಕಿದವಳು. ನೀರು ಬೆರೆಸಿದರೂ ಹಾಲು ಬೆಳ್ಳಗೇ ಇರುತ್ತದೆ. ಡೇರಿಯಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು ಕಂಡುಹಿಡಿಯುತ್ತಾರೆ. ಮನುಷ್ಯರಿಗೆ ಇಳಿಬಿಡಲು ಏನಿದೆ ಮಗಳೇ?"

ನಾನು ಬರೆದಿದ್ದ ಸಾಲನ್ನು ಹೊಡೆದು ಹಾಕಿದೆ. ಕೈ ನಡುಗುತ್ತಿತ್ತು. ಅಷ್ಟು ಬುದ್ಧಿವಂತ ಹೆಂಗಸಿನ ಮೇಲೆ ನಾನು ಎಂಥ ಷರಾ ಬರೆಯಲು ಹೊರಟಿದ್ದೆ! ಉಳಿದ ಹತ್ತು ದಿನ ದಿನವೂ ಅವರ ಬಳಿ ಕುಳಿತೆ. ಅವರಿಗೆ ಮಾತ್ರ ಕೇಳಿಸುವ ಧ್ವನಿಗಳು ಪೂರ್ತಿ ನಿಂತಿರಲಿಲ್ಲ, ನಿದ್ದೆ ಸರಿಯಾಗಿರಲಿಲ್ಲ. ಆದರೂ ನನ್ನ ಹೆದರಿಕೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ನನ್ನ ಅನಿಸಿಕೆ ಇದು. ನಮ್ಮ ಮನೋಭಾವ ಬದಲಾಗುವುದು ಪಾಠದಿಂದಲ್ಲ, ಒಬ್ಬರ ಪಕ್ಕದಲ್ಲಿ ಹೆಚ್ಚು ದಿನ ಕುಳಿತಾಗ. ಇನ್ನೊಂದು ಮಾತು. ವಾರ್ಡಿನಲ್ಲಿ ನಾವು ಕಾಣುವುದು ಕಾಯಿಲೆಯ ಅತಿ ಕಠಿಣ ವಾರಗಳನ್ನು ಮಾತ್ರ. ಚೇತರಿಸಿಕೊಂಡು ಹೊಲಕ್ಕೂ ಅಂಗಡಿಗೂ ಹೋಗುತ್ತಿರುವವರು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹಾಗಾದರೆ "ಇವರು ಎಂದೂ ಸರಿಹೋಗುವುದಿಲ್ಲ" ಎಂಬ ಭಾವನೆಯನ್ನು ನಾವು ಕಾಲೇಜಿನಲ್ಲೇ ಕಲಿಯುತ್ತಿದ್ದೇವೆ ಎಂದಾಗಲಿಲ್ಲವೇ? ಬೇರೆಯವರ ಅನುಭವ ಹೇಗಿದೆ, ದಯವಿಟ್ಟು ಬರೆಯಿರಿ.

ಐಸಿಯು ಕನಸು

ನಾನು ನಾಲ್ಕನೇ ವರ್ಷದ ವಿದ್ಯಾರ್ಥಿ, ಚಿಕ್ಕಬಳ್ಳಾಪುರ. ನೇರವಾಗಿ ಹೇಳುತ್ತೇನೆ, ನನಗೆ ಈ ವಿಷಯ ಇಷ್ಟವಾಗಲಿಲ್ಲ. ನನಗೆ ಬೇಕಾದದ್ದು ಐಸಿಯು. ಅಲ್ಲಿ ರಕ್ತದೊತ್ತಡ ಇಳಿದರೆ ಏನು ಮಾಡಬೇಕು ಎಂಬುದು ಗೊತ್ತು, ಮಾಡಿದರೆ ಫಲ ಕಣ್ಣೆದುರು ಕಾಣುತ್ತದೆ. ಇಲ್ಲಿ ಎರಡು ವಾರ ಮಾತನಾಡಿದರೂ ಏನಾಯಿತು ಎಂದು ತಿಳಿಯುವುದಿಲ್ಲ.

ಸುರಕ್ಷತೆಯ ಮಾತನ್ನೂ ತಳ್ಳಿಹಾಕಬೇಡಿ. ನಮ್ಮ ತಂಡದ ಹುಡುಗಿಯೊಬ್ಬಳನ್ನು ರೋಗಿಯೊಬ್ಬರು ತಳ್ಳಿ, ಅವಳ ಮೊಣಕೈಗೆ ಪೆಟ್ಟಾಯಿತು. ಆ ಹೊತ್ತಿಗೆ ವಾರ್ಡಿನಲ್ಲಿ ನಮ್ಮ ಬೋಧಕರು ಇರಲಿಲ್ಲ, ಒಬ್ಬರೇ ಸಿಸ್ಟರ್ ಇದ್ದರು. ಅವಳು ಆಮೇಲೆ ಆ ವಾರ್ಡಿಗೆ ಕಾಲಿಡಲಿಲ್ಲ. ನಡೆದದ್ದರ ಬಗ್ಗೆ ಅವಳ ಜೊತೆ ಯಾರೂ ಕುಳಿತು ಮಾತನಾಡಲಿಲ್ಲ. ಇದನ್ನು ಪೂರ್ವಗ್ರಹ ಎಂದು ಕರೆದರೆ ನನಗೆ ನೋವಾಗುತ್ತದೆ.

ತುಮಕೂರು ಬೋಧಕಿ

ಐಸಿಯು ಕನಸು ಅವರೇ, ನಿಮ್ಮ ಗೆಳತಿಯ ಜೊತೆ ಯಾರೂ ಮಾತನಾಡಲಿಲ್ಲ ಎಂಬ ಸಾಲು ನನ್ನನ್ನು ಚುಚ್ಚಿತು. ಅದು ಬೋಧಕರ ತಪ್ಪು. ನಾನು ಹನ್ನೆರಡು ವರ್ಷಗಳಿಂದ ಈ ವಿಷಯ ಕಲಿಸುತ್ತಿದ್ದೇನೆ. ವಿದ್ಯಾರ್ಥಿಗಳ ಮನಸ್ಸಿನ ಬಗ್ಗೆ ಕೇಳದೆ ಮನಸ್ಸಿನ ಆರೋಗ್ಯದ ಪಾಠ ಮಾಡುವುದು ನಮ್ಮ ಅನೇಕ ಕಾಲೇಜುಗಳಲ್ಲಿ ನಡೆದುಕೊಂಡು ಬಂದಿದೆ.

ನಾನು ಕೆಲವು ವರ್ಷಗಳಿಂದ ಮೊದಲ ತರಗತಿಯಲ್ಲಿ ವ್ಯಾಖ್ಯಾನ ಬರೆಸುವುದನ್ನು ಬಿಟ್ಟಿದ್ದೇನೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಮನಸ್ಸಿನ ಕಾಯಿಲೆ ಇರುವವರನ್ನು ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಏನೆಂದು ಕರೆಯುತ್ತಾರೆ ಎಂದು ಬರೆಯಿರಿ, ಹೆಸರು ಬೇಡ ಎನ್ನುತ್ತೇನೆ. ತಲೆ ಕೆಟ್ಟವನು, ಮೆಂಟಲ್, ಲೂಸು, ಅರೆಹುಚ್ಚಿ, ಗಾಳಿ ಮೆಟ್ಟಿಕೊಂಡಿದೆ. ಪ್ರತಿ ವರ್ಷವೂ ತಪ್ಪದೆ ಬರುವುದು "ನಿಮ್ಹಾನ್ಸ್ ಕೇಸು". 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ ಆದ ಸಂಸ್ಥೆ ಅದು. ತಲೆಗೆ ಪೆಟ್ಟಾದರೆ, ಪಾರ್ಶ್ವವಾಯು ಬಡಿದರೆ, ಮೂರ್ಛೆ ರೋಗ ಬಂದರೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಮೂರೂ ಜಿಲ್ಲೆಗಳ ಜನ ಓಡುವುದು ಅಲ್ಲಿಗೇ. ಆ ಹೆಸರೇ ನಮ್ಮ ಬಾಯಲ್ಲಿ ಬೈಗುಳವಾಗಿದೆ. ಚೀಟಿಗಳನ್ನು ಒಂದೊಂದಾಗಿ ಓದುತ್ತಾ ಹೋದಂತೆ ತರಗತಿ ಮೌನವಾಗುತ್ತದೆ. ಒಂದು ಸಲ ಒಂದು ಚೀಟಿಯಲ್ಲಿ "ನಮ್ಮ ಅಪ್ಪನನ್ನು ಹೀಗೆ ಕರೆಯುತ್ತಾರೆ" ಎಂದಷ್ಟೇ ಬರೆದಿತ್ತು. ಯಾರು ಬರೆದದ್ದು ಎಂದು ನಾನು ಇಂದಿಗೂ ಕೇಳಿಲ್ಲ. ಬೆಂಚಿನ ಮೇಲೆ ಕುಳಿತವರಲ್ಲೇ ರೋಗಿಯ ಮನೆಯವರು ಇರುತ್ತಾರೆ ಎಂಬುದನ್ನು ಆ ದಿನದಿಂದ ಮರೆತಿಲ್ಲ.

ಉಳಿದದ್ದು ವ್ಯವಸ್ಥೆಯ ಕಷ್ಟ. ಹಾಸಿಗೆ ಕಡಿಮೆ, ವಿದ್ಯಾರ್ಥಿಗಳು ಹೆಚ್ಚು. ಒಬ್ಬ ರೋಗಿಯ ಸುತ್ತ ಐದು ಜನ ನಿಂತು ಅದೇ ಪ್ರಶ್ನೆಗಳನ್ನು ಕೇಳಿದರೆ ಆರೋಗ್ಯವಂತರಿಗೂ ಸಿಟ್ಟು ಬರುತ್ತದೆ.

ಸುಮ್ಮನೆ ಓದುಗ

ಅಂತರಗಂಗೆ ಅವರೇ, ಬರಹ ಮನಸ್ಸಿಗೆ ತಟ್ಟಿತು. ಆದರೆ ರೋಗಿಯ ಬಗ್ಗೆ ಹೀಗೆ ಎಲ್ಲರ ಮುಂದೆ ಬರೆಯಬಹುದೇ?

ಅಂತರಗಂಗೆ

ಕೇಳಿದ್ದು ಒಳ್ಳೆಯದಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ಗೌಪ್ಯತೆಯನ್ನು ಹಕ್ಕು ಎಂದೇ ಹೇಳುತ್ತದೆ. ವಯಸ್ಸು, ಊರಿನ ಕಡೆ, ಕಸುಬಿನ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. "ನಿಮ್ಮ ಗಾದೆಯ ಮಾತನ್ನು ಬೇರೆಯವರಿಗೆ ಹೇಳಲೇ?" ಎಂದು ಅವರನ್ನೇ ಕೇಳಿದ್ದೆ. "ಹೇಳು, ಹೆಸರು ಬೇಡ" ಎಂದಿದ್ದರು.

ರಾತ್ರಿ ಪಾಳಿ ಸಿಸ್ಟರ್

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಹದಿನೆಂಟು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಐಸಿಯು ಬೇಕೆನ್ನುವ ತಮ್ಮನಿಗೆ ಒಂದು ರಾತ್ರಿಯ ಕಥೆ ಹೇಳಬೇಕು.

ಮೂಳೆ ಮುರಿದುಕೊಂಡು ಶಸ್ತ್ರಚಿಕಿತ್ಸಾ ವಾರ್ಡಿಗೆ ಸೇರಿದ್ದವರು ಒಬ್ಬರು. ಮೊದಲ ಎರಡು ದಿನ ಶಾಂತವಾಗಿದ್ದರು. ಮೂರನೇ ರಾತ್ರಿ ಬೆವರು, ಕೈ ನಡುಕ. ಹಾಸಿಗೆಯ ಹೊದಿಕೆಯ ಮೇಲೆ ಇರುವೆ ಹರಿಯುತ್ತಿದೆ ಎಂದು ಬೆರಳಿನಿಂದ ಒಂದೊಂದಾಗಿ ಹೆಕ್ಕುತ್ತಿದ್ದರು. ಡ್ರಿಪ್ ಕಿತ್ತೆಸೆದರು. ಸುತ್ತಲಿನವರು "ಹುಚ್ಚು ಹಿಡಿಯಿತು, ಕಟ್ಟಿಹಾಕಿ" ಎಂದು ಕೂಗಿದರು. ನಾನು ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಕೊನೆಯ ಸಲ ಯಾವಾಗ ಕುಡಿದಿದ್ದರು ಅಮ್ಮ?" ಎಂದು ಕೇಳಿದೆ. ಬಿದ್ದ ದಿನ ಬೆಳಿಗ್ಗೆ. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಎರಡು ಮೂರು ದಿನಗಳ ನಂತರ ಬರುವ ಸನ್ನಿ ಅದು. ಅಲಕ್ಷಿಸಿದರೆ ಜೀವ ಹೋಗಬಹುದು. ವೈದ್ಯರನ್ನು ಕರೆಸಿದೆ, ಅವರು ಶಾಂತಗೊಳಿಸುವ ಔಷಧಿ ಲೋರಾಜೆಪಾಮ್ ಬರೆದರು, ಗ್ಲೂಕೋಸಿಗೆ ಮುಂಚೆ ಥಯಮಿನ್ (ಬಿ1 ವಿಟಮಿನ್) ಕೊಟ್ಟೆವು. ಮಂಚದ ಬಳಿ ಒಂದು ದೀಪ ಉರಿಯಲು ಬಿಟ್ಟು, ಹೆಂಡತಿ ಅವರ ಕೈ ಹಿಡಿದುಕೊಂಡು ಕೂರುವಂತೆ ಮಾಡಿದೆ.

ನನಗೆ ಅದು ಗೊತ್ತಾದದ್ದು ಮನೋರೋಗ ವಾರ್ಡಿನ ಪೋಸ್ಟಿಂಗ್‌ನಲ್ಲಿ ಒಬ್ಬ ಹಿರಿಯ ಸಿಸ್ಟರ್ ನನ್ನನ್ನು ನಿಲ್ಲಿಸಿ ತೋರಿಸಿದ್ದರಿಂದ. ಮನೋರೋಗ ವಾರ್ಡಿನಲ್ಲಿ ನೀನು ಕೆಲಸ ಮಾಡದೇ ಇರಬಹುದು ತಮ್ಮಾ, ಮನೋರೋಗ ಎಲ್ಲ ವಾರ್ಡಿಗೂ ಬರುತ್ತದೆ. ಬಾಣಂತಿ ಮಗುವನ್ನು ಎತ್ತಿಕೊಳ್ಳದೆ ಗೋಡೆ ನೋಡುತ್ತಾ ಮಲಗಿದ್ದರೆ "ಸೊಕ್ಕು" ಎನ್ನುವ ಸಿಸ್ಟರ್‌ಗಳನ್ನು ಕಂಡಿದ್ದೇನೆ. ಜೀವ ಕಳೆದುಕೊಳ್ಳಲು ಹೊರಟು ಬದುಕಿ ಉಳಿದ ರೈತನನ್ನು ತುರ್ತು ಚಿಕಿತ್ಸಾ ಘಟಕದಲ್ಲಿ ಬೈಯುವವರನ್ನೂ ಕಂಡಿದ್ದೇನೆ. ಅವನು ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು ಅದೇ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಕಾನೂನು ಬದಲಾದರೂ ನಮ್ಮ ಬಾಯಿ ಬದಲಾಗಿಲ್ಲ.

ಅಂತರಗಂಗೆ ತಂಗಿಗೆ: ಆ ಸಾಲನ್ನು ಹೊಡೆದು ಹಾಕಿದೆಯಲ್ಲ, ಆ ರೆಕಾರ್ಡನ್ನು ಜೋಪಾನವಾಗಿ ಇಟ್ಟುಕೊ.

ಮಲಯಾಳಂ ಮನೆಮಾತು

ನಾನು ಕೇರಳದಿಂದ ಬಂದು ತುಮಕೂರಿನಲ್ಲಿ ಓದುತ್ತಿದ್ದೇನೆ. ಕನ್ನಡ ಬರೆಯಲು ಕಲಿತು ಎರಡು ವರ್ಷವಾಯಿತು, ತಪ್ಪಿದ್ದರೆ ಕ್ಷಮಿಸಿ.

ನನ್ನ ಪೋಸ್ಟಿಂಗ್ ಬಂದಾಗ ನನಗೆ "ಊಟ ಆಯಿತಾ, ನೋವು ಎಲ್ಲಿದೆ" ಎನ್ನುವಷ್ಟು ಕನ್ನಡ ಮಾತ್ರ ಬರುತ್ತಿತ್ತು. ಬೇರೆ ವಾರ್ಡಿನಲ್ಲಿ ಅಷ್ಟು ಸಾಕು. ಇಲ್ಲಿ ಮಾತೇ ಔಷಧಿ. ನನ್ನ ಕೈಯಲ್ಲಿ ಔಷಧಿಯೇ ಇರಲಿಲ್ಲ. ಪ್ರೋಸೆಸ್ ರೆಕಾರ್ಡಿಂಗ್ ಅನ್ನು, ಅಂದರೆ ರೋಗಿಯ ಜೊತೆ ಆಡಿದ ಮಾತನ್ನು ಇದ್ದಂತೆ ಬರೆಯುವ ದಾಖಲೆಯನ್ನು, ಸೀನಿಯರ್ ರೆಕಾರ್ಡ್ ನೋಡಿ ಬರೆದೆ. ಅದರಲ್ಲಿ ರೋಗಿ "ಶುಭೋದಯ ಸಿಸ್ಟರ್, ನನಗೆ ಇಂದು ಬೇಸರವೆನಿಸುತ್ತಿದೆ" ಎನ್ನುತ್ತಾರೆ. ಯಾವ ರೋಗಿಯೂ ನನಗೆ ಹಾಗೆ ಹೇಳಿರಲಿಲ್ಲ. ಅದಕ್ಕೆ ಒಳ್ಳೆಯ ಅಂಕವೂ ಬಂತು. ಇಂದಿಗೂ ಅದು ನನ್ನನ್ನು ಕೊರೆಯುತ್ತದೆ. ಹೆದರಿಕೆ ಎಂದು ನೀವೆಲ್ಲ ಹೇಳುವುದರಲ್ಲಿ ಅರ್ಧ ಭಾಷೆಯದು ಎಂದು ನನಗೆ ಅನಿಸುತ್ತದೆ. ಆ ವಾರ್ಡಿಗೆ ಕಳುಹಿಸುವ ಮುಂಚೆ ನಮಗೆ ಒಂದು ತಿಂಗಳು ಕನ್ನಡದ ಮಾತುಕತೆ ಕಲಿಸಿದ್ದರೆ!

ತುಮಕೂರು ಬೋಧಕಿ

ಇದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕುಳಿತೆ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಚಿಕಿತ್ಸೆ ಎಂದು ಅಮೆರಿಕದ ನರ್ಸಿಂಗ್ ಚಿಂತಕಿ ಹಿಲ್ಡೆಗಾರ್ಡ್ ಪೆಪ್ಲಾವ್ 1952ರಲ್ಲೇ ಬರೆದರು. ನಾವು ಅದನ್ನು ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆಯಾಗಿ ಕೇಳುತ್ತೇವೆ, ನಕಲು ಮಾಡಿದ ಸಂಭಾಷಣೆಗೆ ಸಹಿಯನ್ನೂ ಹಾಕುತ್ತೇವೆ. ನಾನೂ ಹಾಕಿದ್ದೇನೆ. ಒಬ್ಬ ವಿದ್ಯಾರ್ಥಿ ತಾನು ಕೇಳಿಸಿಕೊಂಡದ್ದನ್ನು ಹರಕು ಮುರುಕಾಗಿ ನಾಲ್ಕೇ ಸಾಲು ಬರೆದರೂ ಅದಕ್ಕೇ ಹೆಚ್ಚು ಅಂಕ ಕೊಡಬೇಕು. ಈ ಬಾರಿಯಿಂದ ಹಾಗೆಯೇ ಮಾಡುತ್ತೇನೆ.

ಶಿಡ್ಲಘಟ್ಟದ ಅಣ್ಣ

ನಾನು ನರ್ಸ್ ಅಲ್ಲ. ನನ್ನ ತಮ್ಮನಿಗೆ ಹದಿನಾಲ್ಕು ವರ್ಷಗಳಿಂದ ಸ್ಕಿಜೋಫ್ರೇನಿಯಾ ಇದೆ. ನೀವು ಬರೆದದ್ದನ್ನೆಲ್ಲ ಎರಡೆರಡು ಸಲ ಓದಿದೆ.

ಮೊದಲ ಎರಡು ವರ್ಷ ನಾವು ತಿರುಗದ ಜಾಗವಿಲ್ಲ. ಅಮ್ಮ ಹರಕೆ ಹೊತ್ತರು, ತಾಯಿತ ಕಟ್ಟಿಸಿದರು. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ಅವರಿಗೆ ತಿಳಿದಿದ್ದ ಬಾಗಿಲುಗಳನ್ನು ಅವರು ತಟ್ಟಿದರು. ಕೊನೆಗೆ ಆಸ್ಪತ್ರೆಗೆ ಸೇರಿಸಿದಾಗ ಅವನು ಯಾರ ಜೊತೆಗೂ ಮಾತನಾಡುತ್ತಿರಲಿಲ್ಲ. ವಿದ್ಯಾರ್ಥಿಗಳು ಗುಂಪಾಗಿ ಬಂದು, ಅವನ ಎದುರೇ "ಈ ಕೇಸ್ ನನಗೆ, ಆ ಕೇಸ್ ನಿನಗೆ" ಎಂದು ಹಂಚಿಕೊಳ್ಳುತ್ತಿದ್ದರು. ಅವನಿಗೆ ಕೇಳಿಸುತ್ತಿತ್ತು. ಎಲ್ಲವೂ ಕೇಳಿಸುತ್ತಿತ್ತು ಎಂದು ಆಮೇಲೆ ಅವನೇ ಹೇಳಿದ. ಅವರಲ್ಲಿ ಒಬ್ಬ ಹುಡುಗ ಮಾತ್ರ ದಿನವೂ ಬಂದು ಪಕ್ಕದಲ್ಲಿ ಕೂರುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಒಂದು ದಿನ ತಮ್ಮ ತಾನಾಗಿಯೇ "ನಿಮ್ಮ ಊರಿನಲ್ಲಿ ರೇಷ್ಮೆ ಬೆಳೆಯುತ್ತಾರಾ?" ಎಂದು ಕೇಳಿದನಂತೆ. ಎಷ್ಟೋ ತಿಂಗಳುಗಳ ನಂತರ ಅವನ ಬಾಯಿಂದ ಬಂದ ಮೊದಲ ಪೂರ್ತಿ ವಾಕ್ಯ. ಆ ಹುಡುಗ ಓಡಿ ಬಂದು ನನಗೆ ಹೇಳಿದಾಗ ಅವನ ಕಣ್ಣಲ್ಲೂ ನೀರಿತ್ತು.

ಈಗ ತಮ್ಮ ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾನೆ. ಹುಳುಮನೆಯ ಅರ್ಧ ಕೆಲಸ ಅವನದೇ. ಹುಳು ಹಣ್ಣಾಗಿದೆಯೇ ಎಂದು ಮೈಬಣ್ಣ ನೋಡಿಯೇ ಹೇಳುತ್ತಾನೆ, ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವುದರಲ್ಲಿ ನನಗಿಂತ ಅವನ ಕೈ ಚುರುಕು. ಒಮ್ಮೊಮ್ಮೆ ಇನ್ನೂ ಒಬ್ಬನೇ ಮಾತನಾಡಿಕೊಳ್ಳುತ್ತಾನೆ. ಹುಳುಗಳಿಗೆ ಅದರಿಂದ ತೊಂದರೆಯಿಲ್ಲ, ನಮಗೂ ಇಲ್ಲ.

ಅಂತರಗಂಗೆಯವರೇ, ಚೇತರಿಸಿಕೊಂಡವರನ್ನು ತೋರಿಸುವುದಿಲ್ಲ ಎಂದಿರಿ. ನಮ್ಮಂಥವರು ಎಲ್ಲಿಯೂ ಅಡಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ಕಿಗೆ ಬನ್ನಿ, ಸಾಲಿನಲ್ಲಿ ಸಿಗುತ್ತೇವೆ.

ಐಸಿಯು ಕನಸು

ಸಿಸ್ಟರ್, ನಿಮ್ಮ ಮೂರನೇ ರಾತ್ರಿಯ ಕಥೆಯನ್ನು ನಮ್ಮ ತರಗತಿಯ ಗುಂಪಿನಲ್ಲಿ ಹಂಚಿಕೊಂಡೆ. ಒಂದು ಮಾತು ಒಪ್ಪುತ್ತೇನೆ. ಆ ಪೋಸ್ಟಿಂಗ್‌ನಲ್ಲಿ ವಿದ್ಯುತ್ ಕಂಪನ ಚಿಕಿತ್ಸೆ, ಅಂದರೆ ಜನ ಕರೆಂಟ್ ಶಾಕ್ ಎನ್ನುವುದನ್ನು, ನೋಡಲು ಹೋದಾಗ ಸಿನಿಮಾದಲ್ಲಿ ಕಂಡದ್ದನ್ನೇ ನಿರೀಕ್ಷಿಸಿದ್ದೆ. ಅಲ್ಲಿ ಅರಿವಳಿಕೆ ತಜ್ಞರಿದ್ದರು, ಮಾನಿಟರ್ ಇತ್ತು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟಿದ್ದರು, ಆಕ್ಸಿಜನ್ ಹಿಡಿಯುವ ಕೆಲಸ ನನ್ನದಾಯಿತು. ರೋಗಿಯ ಕಾಲ್ಬೆರಳು ಸ್ವಲ್ಪ ಅದುರಿತು, ಅಷ್ಟೇ. ಅರಿವಳಿಕೆ ಇಲ್ಲದೆ ಅದನ್ನು ಕೊಡುವುದನ್ನು ಅದೇ 2017ರ ಕಾಯ್ದೆಯೇ ನಿಷೇಧಿಸಿದೆ ಎಂದು ಆಮೇಲೆ ತಿಳಿಯಿತು.

ಆದರೆ ವಾರ್ಡಿನಲ್ಲಿ ಬೋಧಕರು ಇರಲೇಬೇಕು ಎಂಬ ನನ್ನ ಮಾತು ಹಾಗೆಯೇ ನಿಲ್ಲುತ್ತದೆ.

ಮಾಲೂರು ಸಿಎಚ್‌ಒ

ಸಮುದಾಯ ಆರೋಗ್ಯ ಅಧಿಕಾರಿಯಾಗಿ ಹಳ್ಳಿಯ ಕೇಂದ್ರದಲ್ಲಿದ್ದೇನೆ. ನಿಮ್ಮಲ್ಲಿ ಅನೇಕರು ಮುಂದೆ ಈ ಕೆಲಸಕ್ಕೆ ಬರುತ್ತೀರಿ, ಆದ್ದರಿಂದ ಹೇಳುತ್ತಿದ್ದೇನೆ. ಹಳ್ಳಿಯಲ್ಲಿ ಯಾರೂ "ನನಗೆ ಖಿನ್ನತೆ" ಎಂದು ಹೇಳಿಕೊಂಡು ಬರುವುದಿಲ್ಲ. ಮೈಕೈ ನೋವು, ಎದೆ ಡವಡವ, ತಲೆಯೆಲ್ಲ ಉರಿ, ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ. ನೋವಿನ ಮಾತ್ರೆ ಕೊಟ್ಟು ಕಳುಹಿಸಿದರೆ ಮತ್ತೆ ಮುಂದಿನ ವಾರ ಬರುತ್ತಾರೆ. ನಾನು ಬಿಪಿ ಪಟ್ಟಿ ಕಟ್ಟುತ್ತಲೇ ಎರಡು ಪ್ರಶ್ನೆ ಕೇಳುತ್ತೇನೆ: ಈ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯೇ, ಮುಂಚೆ ಇಷ್ಟವಾಗುತ್ತಿದ್ದ ಕೆಲಸ ಈಗ ಬೇಡವೆನಿಸುತ್ತಿದೆಯೇ. ಕೆಲವರು ಅಲ್ಲೇ ಅತ್ತುಬಿಡುತ್ತಾರೆ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಾಯೋಗಿಕ ಹಂತ ನಡೆದದ್ದು ನಮ್ಮ ಕೋಲಾರ ಜಿಲ್ಲೆಯಲ್ಲಿಯೇ. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ ಎಂದು ದೇಶದ ಆ ಸಮೀಕ್ಷೆ ಹೇಳಿತು. ಆ ಬಹುಪಾಲು ಜನ ನನ್ನ ಕೇಂದ್ರದ ಬೆಂಚಿನ ಮೇಲೆ ಕುಳಿತಿರುತ್ತಾರೆ. ಗೋಡೆಯ ಮೇಲೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಅನ್ನು ದೊಡ್ಡದಾಗಿ ಬರೆಸಿದ್ದೇನೆ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲು ರಾತ್ರಿ ಇರುತ್ತದೆ. ಹಾಸ್ಟೆಲ್‌ಗಳಲ್ಲಿರುವ ನಿಮಗೂ ಅದು ಬೇಕಾಗಬಹುದು, ಸಂಕೋಚ ಬೇಡ.

ತುಮಕೂರು ಬೋಧಕಿ

ಅಂತರಗಂಗೆ, ಒಂದು ವಿಷಯದಲ್ಲಿ ನಿನ್ನ ಜೊತೆ ನನಗೆ ಭಿನ್ನಾಭಿಪ್ರಾಯವಿದೆ. ಚೇತರಿಸಿಕೊಂಡವರನ್ನು ತೋರಿಸಿದರೆ ಹೆದರಿಕೆ ಹೋಗುತ್ತದೆ, ನಿಜ. ಆದರೆ ಪೂರ್ತಿ ಚೇತರಿಸಿಕೊಳ್ಳದವರೂ ಇರುತ್ತಾರೆ. ಗುಣವಾದರೆ ಮಾತ್ರ ಗೌರವ ಎಂದು ವಿದ್ಯಾರ್ಥಿಗಳು ಕಲಿಯಬಾರದು. ನಿನ್ನ ಹಾಲಿನ ಹೆಂಗಸಿಗೆ ಧ್ವನಿಗಳು ನಿಂತಿರಲಿಲ್ಲ ಎಂದು ನೀನೇ ಬರೆದಿದ್ದೀಯೆ.

ಅಂತರಗಂಗೆ

ಹೌದು ಮೇಡಂ. ಅದನ್ನು ನಾನು ಯೋಚಿಸಿರಲಿಲ್ಲ. ಅವರು ಗುಣವಾಗಿದ್ದರಿಂದ ನನ್ನ ಹೆದರಿಕೆ ಹೋದದ್ದಲ್ಲ, ಧ್ವನಿಗಳು ಇದ್ದಾಗಲೇ ಹೋಯಿತು. ಆದರೂ ಶಿಡ್ಲಘಟ್ಟದ ಅಣ್ಣನ ಮಾತು ಓದಿದ ಮೇಲೆ ಒಮ್ಮೆ ಅಲ್ಲಿಗೆ ಹೋಗಲೇಬೇಕು ಎನಿಸಿದೆ. ನಮ್ಮ ಕಾಲೇಜಿನ ಮೇಡಂ ಅವರನ್ನು ಇಂದು ಕೇಳಿದೆ. ಪೋಸ್ಟಿಂಗ್ ಪಟ್ಟಿಯಲ್ಲಿ ಇಲ್ಲದಿದ್ದರೂ ಆರು ಜನರಿಗೆ ಒಂದು ಮಂಗಳವಾರ ಅನುಮತಿ ಕೊಡಿಸಲು ಒಪ್ಪಿದ್ದಾರೆ, ಆಸ್ಪತ್ರೆಗೂ ಪತ್ರ ಬರೆಯುತ್ತಾರೆ. ಅಣ್ಣಾ, ನಿಮ್ಮ ತಮ್ಮ ನಮ್ಮ ಜೊತೆ ಮಾತನಾಡಲು ಒಪ್ಪುತ್ತಾರೆಯೇ?

ಶಿಡ್ಲಘಟ್ಟದ ಅಣ್ಣ

ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಒಪ್ಪಿದ. "ಕೇಸ್" ಎನ್ನಬಾರದಂತೆ, ಹೆಸರು ಹಿಡಿದು ಕರೆಯಬೇಕಂತೆ. ಕಾಯಿಲೆಯ ಬಗ್ಗೆ ಕೇಳಿದಷ್ಟೇ ಹುಳುಗಳ ಬಗ್ಗೆಯೂ ಕೇಳಬೇಕಂತೆ. ಹನ್ನೊಂದರೊಳಗೆ ಮುಗಿಸಿ, ಮಧ್ಯಾಹ್ನದ ಸೊಪ್ಪು ಹಾಕುವ ಹೊತ್ತಿಗೆ ಅವನು ಮನೆಯಲ್ಲಿರಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ಹುಳುಗಳಿವೆ, ಅವು ಕಾಯುವುದಿಲ್ಲ.